ಹರೀಶನ ಬೈಕಿಗೆ ಯಾವ ಆಯಿಲ್?

ಮಾರಾಯ್ರೇ, ಇವತ್ತು ಸತ್ವಾ ಏರಿಯಾದ ಗ್ಯಾರೇಜಿನಲ್ಲಿ ನನ್ನ ಮಾನ ಹೋಯ್ತು. ರೂಮ್‌ಮೇಟ್ ಹರೀಶನದ್ದೂ ನನ್ನದೂ ಒಂದೇ ಮಾಡೆಲ್ ಬೈಕು. ಅವನದ್ದು ಮಾತ್ರ ಸದ್ದಿಲ್ಲದೆ ಓಡುವುದು ನೋಡಿ ನನಗೆ ಹೊಟ್ಟೆಕಿಚ್ಚು.

"ಯಾವ ಆಯಿಲ್ ಹಾಕ್ತೀಯಾ?" ಅಂತ ಮೊನ್ನೆ ಕೇಳಿದ್ದೆ.

"ಬೈಕಿನ ಪುಸ್ತಕದಲ್ಲಿ ಬರೆದದ್ದೇ" ಅಂದ.

ಗುಟ್ಟು ಮುಚ್ಚಿಡ್ತಾನೆ ಅನ್ನಿಸಿ, ಅಂಗಡಿಯಲ್ಲಿದ್ದ ಅತಿ ದುಬಾರಿ ಆಯಿಲ್ ತಂದು ನಾನೇ ಸುರಿದೆ.

ಇವತ್ತು ಫ್ಲೈಓವರ್ ಹತ್ತುವಾಗ ಇಂಜಿನ್ ಕಿರುಚಿತು, ಗಾಡಿ ಮುಂದೆ ಹೋಗಲಿಲ್ಲ. ಹಿಂದೆ ಬರುತ್ತಿದ್ದ ಹರೀಶನೇ ಗ್ಯಾರೇಜಿನವರೆಗೆ ತಳ್ಳಿಕೊಟ್ಟ.

ಆಯಿಲ್ ಹೆಸರು ಕೇಳಿ ಮೆಕ್ಯಾನಿಕ್ ನಕ್ಕ. "ಭಾಯ್, ಅದು ಕಾರಿನದ್ದು. ಬೈಕಿಗೆ ಹಾಕಿದ್ರೆ ಕ್ಲಚ್ ಜಾರ್ತದೆ."

ಹರೀಶ ನಗಲಿಲ್ಲ. ನನಗೊಂದು ಚಾ ತರಿಸಿದ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಇಂಥವನನ್ನು ಕಂಡು ಕರುಬಲಿಕ್ಕೆ ನಾಚಿಕೆಯಾಗ್ತದೆ, ಆದರೂ ಬಿಡಲಿಕ್ಕೆ ಆಗ್ತಾ ಇಲ್ಲ.