ನೆರಳಿರುವ ಜಾಗದಲ್ಲೊಂದು ಪ್ಲಗ್ಗು

ಈಚೆಗೆ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಗೋಡೆಯ ಪ್ಲಗ್ಗಿನ ಮೇಲೆ. ಮನೆಯವರ ಮುಖ ಆಮೇಲೆ. ಕರೆಂಟಿನ ಸ್ಕೂಟರು ಕೊಂಡಂದಿನಿಂದ ಅಂಟಿದ ಚಟ ಇದು. ಮಂಕಿ ಊರಿನ ನಾದಿನಿಯ ಮನೆಯಲ್ಲಂತೂ ಜಗಲಿಯವರೆಗೆ ವಯರು ಎಳೆಯಲು ಮಿಕ್ಸಿಯ ಪಿನ್ನನ್ನೇ ಕಿತ್ತುಬಿಟ್ಟಿದ್ದೆ. ಮಸಾಲೆ ಅರ್ಧಕ್ಕೇ ನಿಂತಿತು. "ಎಂತ ಅತ್ತಿಗೆ, ನಿಮ್ಮ ಗಾಡಿ ಉಂಡ ಮೇಲೆ ನಮ್ಮ ಊಟವಾ?" ಎಂದಳು ಅವಳು.

ಹೀಗೆ ಕಂಡವರ ಮಿಕ್ಸಿ ಕೀಳುತ್ತ ಎಷ್ಟು ದಿನ? ನಮ್ಮ ಊರಿನ ಆಡಳಿತದವರಿಗೆ ಒಂದು ಅರ್ಜಿ ಬರೆದೆ. ಯಾವ ಊರೆಂದು ಹೇಳುವುದಿಲ್ಲ. ಕುಮಟಾ, ಹೊನ್ನಾವರ, ಭಟ್ಕಳ ಮೂರರಲ್ಲೂ ನಮಗೆ ನೆಂಟರಿದ್ದಾರೆ, ಸುಮ್ಮನೆ ಚರ್ಚೆಯಾಗುತ್ತದೆ. ಜನ ಇಂಥ ಗಾಡಿ ಕೊಳ್ಳಬೇಕಾದರೆ ತೆರಿಗೆ ಇಳಿಸಬೇಕು, ಸಹಾಯಧನ ಕೊಡಬೇಕು ಎಂದೆಲ್ಲ ಪೇಪರಿನಲ್ಲಿ ಬರೆಯುತ್ತಾರೆ. ನನಗೆ ಹೊಳೆದದ್ದು ಇಷ್ಟೇ: ಪೇಟೆಗೆ ಬಂದವಳು ತರಕಾರಿ ಆರಿಸುವಷ್ಟರಲ್ಲಿ ಗಾಡಿಗೂ ನಾಲ್ಕು ತುತ್ತು ಸಿಗಬೇಕು.

ಕಾನ್ವೆಂಟಿನಲ್ಲಿ ನಮಗೆ ಅರ್ಜಿ ಬರೆಯಲು ಕಲಿಸಿದ ಸಿಸ್ಟರ್, ಎಡಗಡೆ ಎರಡು ಬೆರಳು ಮಾರ್ಜಿನ್ ಬಿಡಿಸಿ, "ಅರ್ಜಿಯಲ್ಲಿ ವಿಶೇಷಣ ಬೇಡ" ಎನ್ನುತ್ತಿದ್ದರು. 'ತೀವ್ರ ಜ್ವರ' ಎಂದು ಬರೆದರೆ 'ತೀವ್ರ'ದ ಮೇಲೆ ಕೆಂಪು ಗೆರೆ. ರಜೆಗೆ ಜ್ವರವೊಂದೇ ಸಾಕು. ನಾನು ಮಾರ್ಜಿನ್ನೇನೋ ಬಿಟ್ಟೆ, ವಿಶೇಷಣ ಬಿಡಲಾಗಲಿಲ್ಲ. ಪ್ಲಗ್ಗು 'ಮಾರ್ಕೆಟ್ಟಿನಲ್ಲಿ ನೆರಳಿರುವ ಜಾಗದಲ್ಲಿ' ಬೇಕೆಂದು ಬರೆದೆ. ಬಿಸಿಲಿಗೆ ಸೀಟು ಕಾಯುತ್ತದಲ್ಲ!

ಮಳೆಗಾಲ ಮುಗಿಯುವಷ್ಟರಲ್ಲಿ ಪ್ಲಗ್ಗು ಬಂದೇಬಿಟ್ಟಿತು, ನಾನು ಕೇಳಿದ ಹಾಗೇ. ಮಾರ್ಕೆಟ್ಟಿನಲ್ಲಿ ನೆರಳೆಂದು ಇದ್ದದ್ದು ಒಂದೇ ಒಂದು ತಗಡಿನ ಮಾಡು. ಅದರಡಿ ಕೂತು ಮಾದೇವಿ ಮೀನು ಮಾರುತ್ತಿದ್ದಳು. ಈಗ ಅಲ್ಲಿ ಹಸಿರು ಬೋರ್ಡು: 'ವಿದ್ಯುತ್ ವಾಹನಗಳಿಗೆ ಮಾತ್ರ'. ಮಾದೇವಿ ಹೊರಗೆ ಬಿಸಿಲಿನಲ್ಲಿ. ಛತ್ರಿ ಬುಟ್ಟಿಗೆ, ತಲೆಗೆ ಬರೀ ಸೆರಗು. ಹತ್ತು ಗಂಟೆಗೆಲ್ಲ ಐಸು ಕರಗಿ ಬಂಗಡೆಯ ಕಣ್ಣು ಮಂಕಾಗುತ್ತಿತ್ತು. ಗಿರಾಕಿಗಳು ಕಿವಿರು ಎತ್ತಿ ನೋಡಿ ಮುಂದೆ ಹೋಗುತ್ತಿದ್ದರು.

"ಹಿಂಗೇ ಆದ್ರೆ ದೀಪಾವಳಿ ಒಳಗೆ ಬುಟ್ಟಿ ಕವಚಿ ಹಾಕೂದೇಯ. ಯಾರೋ ಪುಣ್ಯವಂತ್ರು ಅರ್ಜಿ ಕೊಟ್ರಂತೆ, ಅಕ್ಕೋರೆ," ಎಂದಳು. ಒಂದು ದಿನವೂ ಪಾಠ ಮಾಡದ ನನ್ನನ್ನು, ಪರ್ಸಿನಲ್ಲಿ ಪೆನ್ನಿರುತ್ತದೆಂಬ ಒಂದೇ ಕಾರಣಕ್ಕೆ, ಅವಳು ಅಕ್ಕೋರು ಮಾಡಿದ್ದಾಳೆ.

"ಆ ಪುಣ್ಯವಂತೆ ನಾನೇ, ಮಾದೇವಿ."

ಅವಳು ನನ್ನನ್ನು ನೋಡಿದಳು, ನನ್ನ ಸ್ಕೂಟರನ್ನು ನೋಡಿದಳು. "ಗಾಡಿಗೆ ಬಿಸಲು ತಾಗೂದು ಮಾತ್ರ ಕಂಡ್ತು ನಿಮ್ಗೆ. ಆತು, ಬರೂಕೆ ಬತ್ತದಲ್ಲ, ಇನ್ನೊಂದು ಬರೀರಿ."

"ಪ್ಲಗ್ಗು ತೆಗೀಲಿ ಅಂತ ಬರೀಲಾ?"

"ತೆಗೂದು ಎಂತಕ್ಕೆ? ಇನ್ನೆರಡು ತಗಡು ಹಾಕ್ಲಿ. ಗಾಡಿ ಉಂಬಷ್ಟೊತ್ತು ನೀವೆಲ್ಲ ಅದರ ಮುಖ ನೋಡ್ತಾ ನಿಂತ್ಕಳ್ತ್ರಾ? ನಾ ಮೀನು ಕೊಯ್ದು ಕೊಡ್ತೆ."

ಹಾಗೇ ಬರೆದೆ. ಗುಮಾಸ್ತರು ಓದಿ ಕನ್ನಡಕವನ್ನು ಹಣೆಗೇರಿಸಿದರು. "ಅಲ್ಲಿ ಒಬ್ರು ಕೂತ್ಕಳ್ತಾರೆ ಅಂತ ನಿಮ್ಮ ಮೊದಲಿನ ಅರ್ಜಿಲಿ ಇರಲಿಲ್ವಲ್ಲ, ಅಮ್ಮಾ," ಎಂದರು. ನಿಜ, ಇರಲಿಲ್ಲ. ನಾಲ್ಕು ವಾರ ಅವಳು ಬಿಸಿಲಿನಲ್ಲೇ ಕೂತಳು. ನಾನೂ ಆ ಪ್ಲಗ್ಗು ಮುಟ್ಟಲಿಲ್ಲ. ಆಮೇಲೆ ತಗಡು ಬಂತು.

ಈಗ ಪ್ಲಗ್ಗಿಗೆ ಸರದಿ. ನನ್ನ ಸ್ಕೂಟರನ್ನು ಹೊಲಿಗೆ ಮಷೀನು ಎಂದು ನಗುತ್ತಿದ್ದ ಪಕ್ಕದ ಮನೆಯವರೂ ಒಂದು ಕೊಂಡಿದ್ದಾರೆ. ಮೀನು ಕೊಯ್ಯಿಸಲು ಹೇಗೂ ಕಾಯಬೇಕು, ಗಾಡಿಯೂ ಉಣ್ಣಲಿ ಎಂಬುದು ಅವರ ಲೆಕ್ಕಾಚಾರ. ನಮ್ಮ ಮನೆಯಲ್ಲಿ ವಾರಕ್ಕೆ ಐದು ದಿನ ಬಂಗಡೆ. "ಚಾರ್ಜ್ ಖಾಲಿಯಾಗೂದು ಗಾಡಿದಾ, ನಿನ್ನ ನಾಲಗೆದಾ?" ಎನ್ನುತ್ತಾರೆ ನಮ್ಮವರು, ಎರಡನೆಯ ತುಂಡಿಗೆ ಕೈ ಹಾಕುತ್ತ.

ಆ ಎರಡನೆಯ ಅರ್ಜಿಯ ಪ್ರತಿ ಇನ್ನೂ ನನ್ನ ಪರ್ಸಿನಲ್ಲಿದೆ. ಸಿಸ್ಟರ್ ನೋಡಿದ್ದರೆ ಮೆಚ್ಚುತ್ತಿದ್ದರು. ಮಾರ್ಜಿನ್ ಎರಡು ಬೆರಳು, ವಿಶೇಷಣ ಒಂದೂ ಇಲ್ಲ. ನೆರಳು ಯಾರಿಗೆ ಎಂಬಲ್ಲಿ ಒಂದು ಹೆಸರಿದೆ, ಅಷ್ಟೇ.