ಎರಡು ವರ್ಷ ಕಡಿಮೆ ಬಿದ್ದ ದೋಣಿ

ನಮ್ಮ ದೋಣಿಗೆ ಹುಟ್ಟು ಹಾಕುವವರು ನಾಲ್ವರು. ಮುಂಬಯಿಯ ಕೆರೆಯೊಂದರಲ್ಲಿ ಹಿರಿಯರ ಸ್ಪರ್ಧೆಯಿತ್ತು. ನಾಲ್ವರ ಸರಾಸರಿ ವಯಸ್ಸು ಐವತ್ತೈದು ಆಗಬೇಕು. ನಮ್ಮದು ಒಟ್ಟು ಲೆಕ್ಕದಲ್ಲಿ ಎರಡೇ ವರ್ಷ ಕಡಿಮೆ ಬಿತ್ತು. ಇಲ್ಲಿ ಸೇರಿಸಿಕೊಳ್ಳದಿದ್ದರೆ ನಲವತ್ತರ ಗಟ್ಟಿಗರ ಜೊತೆ ಸೆಣಸಬೇಕಿತ್ತು.

ನಾಲ್ವರಲ್ಲೊಬ್ಬರಾದ, ಗ್ರಾಂಟ್ ರೋಡಿನಲ್ಲಿ ಹೋಟೆಲ್ ನಡೆಸುವ ಶೆಟ್ಟರು ಮುಂದೆ ಬಂದರು. ಕೂದಲಿಗೆ ತಪ್ಪದೆ ಕಪ್ಪು ಹಚ್ಚುವ ಮನುಷ್ಯ. "ನನಗೆ ನಿಜವಾಗಿ ಎರಡು ವರ್ಷ ಜಾಸ್ತಿ ಮಾರಾಯ್ರೆ. ಶಾಲೆಗೆ ಸೇರಿಸುವಾಗ ಮಾಷ್ಟ್ರು ಕಡಿಮೆ ಬರೆದದ್ದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ನೋಂದಣಿ ಮೇಜಿನಲ್ಲಿದ್ದವರು ಆಧಾರ್ ಕಾರ್ಡ್ ತಿರುಗಿಸಿ ನೋಡಿದರು. "ಕಾರ್ಡಿನಲ್ಲಿ ಇರುವುದೇ ವಯಸ್ಸು" ಎಂದರು.

ಬಾಂದ್ರಾದ ನನ್ನ ಆಫೀಸಿಗೆ ಅಮೆರಿಕದಿಂದ ಬಂದಿದ್ದ ಡೇವಿಡ್ ನಮ್ಮ ತಂಡದಲ್ಲೇ ಇದ್ದ. "ನಮ್ಮ ದೇಶದಲ್ಲಿ ಇಪ್ಪತ್ತೊಂದಕ್ಕೇ ಹಿರಿಯರ ವಿಭಾಗ ಶುರು. ಅಂತರರಾಷ್ಟ್ರೀಯ ನಿಯಮದಲ್ಲಿ ಇಪ್ಪತ್ತೇಳು. ಅಲ್ಲಿ ಹುಟ್ಟಿದ ದಿನ ನೋಡುವುದಿಲ್ಲ. ಈ ಡಿಸೆಂಬರ್ ಮುಗಿಯುವುದರೊಳಗೆ ಎಷ್ಟು ತುಂಬುತ್ತದೋ ಅದೇ ವಯಸ್ಸು" ಎಂದ.

ಅಂತರರಾಷ್ಟ್ರೀಯ ಎಂಬ ಮಾತು ಕೇಳಿದ್ದೇ ಮೇಜಿನವರು ಮೆತ್ತಗಾದರು. ನನ್ನ ಮತ್ತು ಡೇವಿಡ್‌ನ ಹುಟ್ಟಿದ ದಿನ ನವೆಂಬರಿನಲ್ಲಿ, ಅದಿನ್ನೂ ಬಂದಿರಲಿಲ್ಲ. ಹೊಸ ಲೆಕ್ಕದಲ್ಲಿ ನಮ್ಮಿಬ್ಬರಿಗೂ ಒಂದೊಂದು ವರ್ಷ ಸೇರಿ ಐವತ್ತೈದು ಸರಿಹೋಯಿತು. ಶೆಟ್ಟರ ನಿಜವಾದ ವಯಸ್ಸು ಯಾರಿಗೂ ಬೇಕಾಗಲಿಲ್ಲ.

ಬೇಕಾದದ್ದು ಒಬ್ಬರಿಗೆ ಮಾತ್ರ. ಟವೆಲ್ ಹಿಡಿದು ಪಕ್ಕದಲ್ಲೇ ನಿಂತಿದ್ದ ಅವರ ಹೆಂಡತಿ ಮೆಲ್ಲಗೆ ಕೇಳಿದರು, "ಹಾಗಾದ್ರೆ ನಮ್ಮ ಮದುವೆ ಮಾತುಕತೆಯಲ್ಲಿ ಹೇಳಿದ್ದು ಯಾವ ವಯಸ್ಸು?"

ಆರು ದೋಣಿಗಳಲ್ಲಿ ನಾವು ಐದನೆಯವರಾಗಿ ದಡ ಮುಟ್ಟಿದೆವು. ನಾವು ಮೂವರು ಇಳಿದೆವು. ಶೆಟ್ಟರು ಮಾತ್ರ, ಇನ್ನೊಂದು ಸುತ್ತು ಹೋಗಿಬರೋಣವೇ ಎಂದರು.