ಕುರುಗೋಡಿನ ಮಾಳಿಗೆ ಮೇಲೆ ಆಂಟೆನಾ ತಿರುಗಿದ್ದು

ಮನುಷ್ಯನ ಆಸೆ ದೇಹದೊಂದಿಗೆ ಮಣ್ಣಾಗುವುದಿಲ್ಲ ಎಂದು ಬಲ್ಲವರು ಗಂಭೀರವಾಗಿ ಹೇಳುತ್ತಾರೆ. ಬಲ್ಲವರ ಮನೆಯ ಟೀವಿ ಕೆಟ್ಟಿರಬೇಕು. ಇಲ್ಲದಿದ್ದರೆ ಇಂಥ ಯೋಚನೆಗೆ ಪುರುಸೊತ್ತು ಎಲ್ಲಿಂದ?

ನಮ್ಮ ಮನೆಯ ಟೀವಿಯೂ ನಿಂತಿತ್ತು. ಮುಂದೆ ಹೇಳುವುದೆಲ್ಲ ನಡೆದದ್ದೇ. ಕಥೆ ಕಟ್ಟುವುದಾಗಿದ್ದರೆ ನನ್ನನ್ನು ಇನ್ನಷ್ಟು ಧೈರ್ಯವಂತನನ್ನಾಗಿ ಕಟ್ಟುತ್ತಿದ್ದೆ.

ಕುರುಗೋಡಿನಲ್ಲಿ ಪಂಪಾಪತಿ ಎಂಬವರ ಮನೆಯ ಮೇಲ್ಮಹಡಿಗೆ ನಾವು ಬಾಡಿಗೆಗೆ ಬಂದು ಸ್ವಲ್ಪ ದಿನವಾಗಿತ್ತು, ಅಷ್ಟೇ. ನನ್ನ ಹೆಂಡತಿ ಶಾರದಾ ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಳು. ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ಮೂಳೆ ಕೂಡುವ ತನಕ ಮೆಟ್ಟಿಲು ಇಳಿಯುವಂತಿಲ್ಲ ಎಂದರು ಡಾಕ್ಟರು. ಸರಿಯಾಗಿ ಆಗಲೇ ಪಂಪಾಪತಿಯವರಿಗೆ ಮೇಲಿನ ಮನೆಯಲ್ಲಿ ಮಗನಿಗೆ ಜಿಮ್ ಹಾಕಿಕೊಡುವ ಆಸೆ ಹುಟ್ಟಿತು. ಖಾಲಿ ಮಾಡಿ ಎಂದರು. ಆಗುವುದಿಲ್ಲ ಎಂದೆ. ಮರುದಿನ ನಮ್ಮ ಕೇಬಲ್ ತುಂಡಾಗಿತ್ತು.

"ಇಲಿ ಕಡದಿರಬೇಕ್ರಿ," ಎಂದರು ಪಂಪಾಪತಿ, ಇಲಿಯ ಪರವಾಗಿ ವಿಷಾದಿಸುತ್ತ.

ಹಾಸಿಗೆಯಲ್ಲಿದ್ದವಳಿಗೆ ಆ ಟೀವಿಯೊಂದೇ ಜೊತೆ. ಬಿಡುವುದಿಲ್ಲ ಮಗನೇ, ಎಂದುಕೊಂಡೆ. ಗಾಳಿಯಲ್ಲಿ ಬಿಟ್ಟಿ ಬರುವ ಟೀವಿಗೆ ಯಾವ ಇಲಿ ಬಾಯಿ ಹಾಕುತ್ತದೆ, ನೋಡೇಬಿಡೋಣ! ಬಳ್ಳಾರಿಯ ಬ್ರೂಸ್‌ಪೇಟೆಗೆ ಹೋಗಿ ಹಳೆಯ ಕಾಲದ ಆಂಟೆನಾದ ಚಪ್ಪಟೆ ವೈರ್ ಕೇಳಿದೆ. ಅಂಗಡಿಯವನು ನಕ್ಕ.

"ಸರ, ಆ ಟೀವಿ ಟವರ್ ಬಂದ್ ಆಗಿ ಯಾವ ಕಾಲ ಆತ್ರಿ! ಈಗ ಆಂಟೆನಾದ ಮ್ಯಾಲ ಕಾಗಿ ಕೂಡ್ತಾವ, ಅಷ್ಟ."

ಡಿಶ್ ಮಾರುವ ಹುನ್ನಾರ ಎಂದು ತಿಳಿದು ನಾನೂ ಗಂಭೀರವಾಗಿ ನಕ್ಕು ವೈರ್ ತಂದೆ.

ಪೈಪು ಬೇಕಲ್ಲ? ನಮ್ಮ ತಲೆಯ ಮೇಲಿನ ಬಯಲು ಮಾಳಿಗೆಯ ಮೂಲೆಯಲ್ಲಿ ಅಲ್ಯೂಮಿನಿಯಂ ಮಡಚುಮಂಚವೊಂದು ಕಾಲು ಮೇಲೆ ಮಾಡಿ ಬಿದ್ದಿತ್ತು. ಗರಗಸ ತಂದು ಕೊಯ್ದೆ. ಕೊಯ್ಯುವಾಗ ಪೈಪಿನೊಳಗಿಂದ ನೀಲಗಿರಿ ಎಣ್ಣೆಯ ವಾಸನೆ ಬಂತು... ಮಂಚಕ್ಕೂ ನೆಗಡಿಯಾಗಿರಬೇಕು ಎಂದುಕೊಂಡೆ. ತುಂಡುಗಳನ್ನು ಬಿದಿರಿಗೆ ಅಡ್ಡಡ್ಡ ಬಿಗಿದು, ಬಳ್ಳಾರಿಯ ಕಡೆ ಮುಖ ಮಾಡಿ ನಿಲ್ಲಿಸಿ, ನಮ್ಮ ಹಳೆಯ ಡಬ್ಬಾ ಟೀವಿಗೆ ಜೋಡಿಸಿದೆ.

ಆ ಸಂಜೆ ಬರೀ ನುಚ್ಚು ಸುರಿದಂಥ ಚುಕ್ಕೆಗಳು. ದೀಪ ಹಚ್ಚಿ ಸ್ವಲ್ಪ ಹೊತ್ತಾದ ಮೇಲೆ ಮಾಳಿಗೆಯ ಮೇಲೆ ಕಿರ್ರ್... ಎಂದಿತು. ಚಿತ್ರ ಬಂತು.

ಒಂದು ಕೋಣೆ. ಮಲಗಿದವರ ಕಣ್ಣಿಗೆ ಕಾಣುವಂತೆ ಕೆಳಗಿನಿಂದ ತೆಗೆದ ಚಿತ್ರ. ತಿರುಗುವ ಫ್ಯಾನು, ಕಿಟಕಿ. ಕಿಟಕಿಯ ಹೊರಗೊಂದು ಕರಿ ವೈರು. ಒಂದು ಕೈ ಬಂತು. ಬೆರಳಲ್ಲಿ ಹವಳದ ಉಂಗುರ, ಹಿಡಿಯಲ್ಲಿ ಕಟಿಂಗ್ ಪ್ಲೇಯರ್. ಕಟಕ್! ಮತ್ತೆ ಮೊದಲಿನಿಂದ... ಫ್ಯಾನು, ಕಿಟಕಿ, ಕೈ, ಕಟಕ್.

"ಇದ್ಯಾವ ಧಾರಾವಾಹಿ ರೀ?" ಎಂದಳು ಶಾರದಾ. "ಒಂದ ಸೀನ್ ತಿರುಗಿ ತಿರುಗಿ ಹಾಕ್ಯಾರ."

ಆ ಕಿಟಕಿ ನಮ್ಮ ಕೋಣೆಯದು. ಮುರಿದ ಸರಳು ಸಹ ಅದೇ.

ಬೆಳಿಗ್ಗೆ ಹೋಗಿ ನೋಡಿದರೆ ಆಂಟೆನಾ ಬಳ್ಳಾರಿಯ ಕಡೆ ಇರಲಿಲ್ಲ. ಬಗ್ಗಿ, ಕೆಳಗೆ ಪಂಪಾಪತಿಯವರ ಪಡಸಾಲೆಯ ಕಿಟಕಿಯನ್ನು ನೋಡುತ್ತಿತ್ತು. ಒಂದೆಲೆಯೂ ಅಲ್ಲಾಡದ ಸೆಕೆಯಲ್ಲಿ ಅದನ್ನು ತಿರುಗಿಸಿದ ಗಾಳಿ ಯಾವುದೋ! ಸರಿಮಾಡಿ, ತಂತಿಯಿಂದ ಬಿಗಿದು ಬಂದೆ. ಸಂಜೆ ಮತ್ತೆ ಕಿರ್ರ್...

ಆಗಲೇ ಪಂಪಾಪತಿ ಧಡಧಡ ಮೆಟ್ಟಿಲು ಹತ್ತಿ ಬಂದರು.

"ಏನ್ ಮಾಸ್ತರ, ನನ್ನ ಮಾಳಿಗಿ ಮ್ಯಾಲ ಎಂಥದ್ದೋ ನಿಲ್ಲಿಸಿರಂತ? ಇಳಸ್ರಿ ಮೊದ್ಲು! ನಾಳೆ ಈ ಮನಿನೂ..."

ಮಾತು ಅಲ್ಲಿಗೇ ನಿಂತಿತು. ಅವರ ಕಣ್ಣು ಟೀವಿಯಲ್ಲಿತ್ತು. ನನ್ನ ಕಣ್ಣು ಅವರ ಬೆರಳಿನ ಹವಳದ ಉಂಗುರದಲ್ಲಿತ್ತು. ಕೋಣೆಯ ತುಂಬ ನೀಲಗಿರಿ ಎಣ್ಣೆಯ ವಾಸನೆ...

ಟೀವಿಯೊಳಗಿಂದ ಮುದಿ ಹೆಣ್ಣುದನಿ, ಬಲು ಮೆತ್ತಗೆ: "ಪಂಪಾಪತಿ... ಇವರನ್ನೂ ಹಂಗ ಮಾಡ್ತಿಯೇನಲೇ?"

ಅವರು ಮಾಳಿಗೆಗೆ ಓಡಿದರು. ನಾನು ಹಿಂದೆ. ಬ್ಯಾಟರಿ ಬೆಳಕಿನಲ್ಲಿ ಪೈಪುಗಳನ್ನು ಕಂಡವರೇ ಎರಡು ಹೆಜ್ಜೆ ಹಿಂದೆ ಸರಿದರು.

"ಹಂಪಮ್ಮನ ಮಂಚ... ಇದನ್ನ ಯಾಕ ಮುಟ್ಟಿದ್ರಿ? ಸತ್ತೋರ ಮಂಚ ಬೋರಲ ಹಾಕಿದ್ರ, ವರ್ಷ ತುಂಬೋ ತನಕ ಯಾರೂ ಮುಟ್ಟಂಗಿಲ್ಲ!"

"ಯಾರ್ರಿ ಹಂಪಮ್ಮ?"

"ನಿಮಗಿಂತ ಮೊದ್ಲು ಇದ್ದಾಕಿ. ಹಾಸಿಗಿ ಹಿಡದಿದ್ಲು. ಮನಿ ಬಿಡ್ಲಿ ಅಂತ ಆಕಿದೂ ಒಂದ್ ಟೀವಿ ವೈರ್ ಕತ್ತರಿಸಿದೆ... ಅಷ್ಟಕ್ಕ ಯಾರಾರ ಸಾಯ್ತಾರೇನ್ರಿ?"

ನನಗೆ ಭಯವಾಯಿತು. ಜೊತೆಗೆ, ಮುಚ್ಚಿಡುವುದೇಕೆ, ತೃಪ್ತಿಯೂ ಆಯಿತು.

"ಇಲಿ ಅಂದಿದ್ರಿ," ಎಂದೆ.

ಅವರು ಜೇಬಿನಿಂದ ಪ್ಲೇಯರ್ ತೆಗೆದು ಆಂಟೆನಾದ ವೈರನ್ನು ಕತ್ತರಿಸಿದರು. ಕಟಕ್! ಟೀವಿಯಲ್ಲಿ ಕೇಳುತ್ತಿದ್ದ ಅದೇ ಸದ್ದು. ನಮ್ಮ ಟೀವಿ ಸುಮ್ಮನಾಯಿತು. ಅವರು ದೊಡ್ಡ ಉಸಿರು ಬಿಟ್ಟರು.

ಆ ಉಸಿರು ಪೂರ್ತಿ ಹೊರಬರುವ ಮೊದಲೇ ಕೆಳಗಿನಿಂದ ಅವರ ಹೆಂಡತಿ ಗೌರಮ್ಮನ ಕೂಗು ಕೇಳಿತು.

"ಏನ್ರೀ! ನಮ್ಮ ಟೀವ್ಯಾಗ ನಿಮ್ಮ ಕೈ ಬಂದೈತ್ರಿ! ಬಂದ್ ಮಾಡಿದ್ರೂ ಹೋಗವಲ್ದು..."

ಇಳಿದು ನೋಡಿದೆ. ಗೋಡೆಯಗಲದ ಹೊಸ ಟೀವಿ. ಪ್ಲಗ್ ಕಿತ್ತು ನೆಲದ ಮೇಲೆ ಬಿದ್ದಿತ್ತು. ಪರದೆಯಲ್ಲಿ ಫ್ಯಾನು, ಕಿಟಕಿ, ಕೈ. ನಮ್ಮಲ್ಲಿ ಕಂಡದ್ದಕ್ಕಿಂತ ಎಷ್ಟೋ ಸ್ಪಷ್ಟ.

ಟೀವಿಯನ್ನು ಗುಜರಿಗೆ ಹಾಕಿದರು. ಚಿತ್ರ ಮಗನ ಮೊಬೈಲಿಗೆ ಬಂತು. ಸ್ವಾಮಿಗಳನ್ನು ಕರೆಸಿ ಪೂಜೆ ಮಾಡಿಸಿದರು. ಪೂಜೆಯ ನಡುವೆಯೂ ಕಟಕ್. ಕೊನೆಗೆ ಗಂಟುಮೂಟೆ ಕಟ್ಟಿ ಸಿರುಗುಪ್ಪದ ಮಗಳ ಮನೆಗೆ ಹೊರಟರು. ಹೋಗುವಾಗ ಪಂಪಾಪತಿ ನನ್ನ ಕೈ ಹಿಡಿದು, "ನೀವು ಎಷ್ಟ್ ದಿನ ಬೇಕಾದ್ರೂ ಇರ್ರಿ ಮಾಸ್ತರ," ಎಂದರು. ಬೆರಳಲ್ಲಿ ಉಂಗುರ ಇರಲಿಲ್ಲ.

ಆಂಟೆನಾ ಇಳಿಸುವ ಧೈರ್ಯ ನನಗಿನ್ನೂ ಬಂದಿಲ್ಲ. ಅವರು ಹೋದ ರಾತ್ರಿ ಮಾಳಿಗೆಯ ಮೇಲೆ ಕಿರ್ರ್... ಎಂದದ್ದು ಕೇಳಿಸಿತು. ಬೆಳಿಗ್ಗೆ ನೋಡಿದರೆ ಅದು ಉತ್ತರಕ್ಕೆ, ಸಿರುಗುಪ್ಪದ ಕಡೆ ತಿರುಗಿತ್ತು. ಯಾವುದಕ್ಕೂ ಜೋಡಿಸದ ತುಂಡು ವೈರು ಗೋಡೆಗುಂಟ ಜೋತುಬಿದ್ದಿತ್ತು. ಮುಟ್ಟಿದೆ... ಬೆಚ್ಚಗಿತ್ತು.

ಶಾರದಾ ಈಗ ಕೋಲು ಹಿಡಿದು ನಡೆಯುತ್ತಾಳೆ. ನಾವು ಅದೇ ಮನೆಯಲ್ಲಿದ್ದೇವೆ. ಕೆಳಗಿನ ಮನೆಗೆ ಬೀಗ ಬಿದ್ದಿದೆ.